ಓಲ್ಡುವಾಯ್ ಎಂದೊಡನೆ ಮೇರಿ ಲೀಕಿಯ ಹೆಸರೂ ಬರಲಿ

ಮಾನ್ಯ ಸಂಪಾದಕರೇ,

ಮಾನವನ ಮೂಲದ ಬಗ್ಗೆ ಕನ್ನಡದಲ್ಲಿ ಬರುವ ಲೇಖನಗಳಲ್ಲೂ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಲ್ಲೂ ಪೂರ್ವ ಆಫ್ರಿಕದ ಟಾಂಜಾನಿಯಾದಲ್ಲಿರುವ ಓಲ್ಡುವಾಯ್ ಕಮರಿಯ ಹೆಸರು ಬಂದೊಡನೆ ಅಲ್ಲಿ ಅಗೆದ ಸಂಶೋಧಕ ಲೂಯಿಸ್ ಲೀಕಿಯ ಹೆಸರು ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. 1959ರ ಪ್ರಸಿದ್ಧ ತಲೆಬುರುಡೆಯನ್ನೂ ಅವರ ಲೆಕ್ಕಕ್ಕೇ ಬರೆದುಬಿಡುತ್ತಾರೆ. ಅದನ್ನು ಮೊದಲು ಕಂಡವರು ಅವರ ಪತ್ನಿ ಮೇರಿ ಲೀಕಿ. ಇದು ತಿದ್ದಲೇಬೇಕಾದ ತಪ್ಪು. ಆದರೆ ‘ಬುರುಡೆ ಕಂಡವರು ಮೇರಿ’ ಎಂದಷ್ಟೇ ತಿದ್ದಿ ನಿಲ್ಲಿಸಿದರೆ ಇನ್ನೊಂದು ಅನ್ಯಾಯವಾಗುತ್ತದೆ. ಅವರ ನಿಜವಾದ ಕೊಡುಗೆ ನೆಲವನ್ನು ಓದುವ ಕ್ರಮದಲ್ಲಿದೆ. ಪ್ರಾಗಿತಿಹಾಸ ಕಲಿಸುವ ನಾವು ಅದನ್ನು ನಿಮ್ಮ ಓದುಗರಿಗೆ ಸ್ವಲ್ಪ ವಿವರವಾಗಿ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇವೆ.

ಮೊದಲು ಬುರುಡೆಯ ವಿಷಯ ಮುಗಿಸೋಣ. 1959ರ ಜುಲೈ 17ರಂದು ಲೂಯಿಸ್ ಜ್ವರದಿಂದ ಶಿಬಿರದಲ್ಲೇ ಮಲಗಿದ್ದರು. ಮೇರಿ ತಮ್ಮ ನಾಯಿಗಳೊಂದಿಗೆ ಎಫ್‌ಎಲ್‌ಕೆ ಎಂದು ಗುರುತಿಸಲಾದ ಇಳಿಜಾರಿಗೆ ಹೋದರು. ಮಣ್ಣಿನಿಂದ ಹೊರಗೆ ಇಣುಕುತ್ತಿದ್ದ ಮೂಳೆಯ ತುಂಡೊಂದು ಅವರ ಕಣ್ಣಿಗೆ ಬಿತ್ತು. ಕಿವಿಯ ಹಿಂಭಾಗದ ಮೂಳೆಯೆಂದು ಗೊತ್ತಾಯಿತು. ಮಣ್ಣು ಸರಿಸಿದಾಗ ಮೇಲ್ದವಡೆಯ ದೊಡ್ಡ ಹಲ್ಲುಗಳು ಕಂಡವು. ಬುರುಡೆ ನೂರಾರು ಚೂರುಗಳಾಗಿ ಒಡೆದಿತ್ತು. ಇಳಿಜಾರಿನ ಸಡಿಲ ಮಣ್ಣನ್ನೆಲ್ಲ ಜರಡಿ ಹಿಡಿದು ಆ ಚೂರುಗಳನ್ನು ಆರಿಸಿ ಜೋಡಿಸಬೇಕಾಯಿತು. ಝಿಂಜಾಂತ್ರೋಪಸ್ ಬಾಯ್ಸಿ ಎಂದು ಲೂಯಿಸ್ ಹೆಸರಿಟ್ಟ, ಮಾನವನ ದೂರದ ಬಂಧುವಾದ ಈ ಜೀವಿಯನ್ನು ಈಗ ಪರಾಂತ್ರೋಪಸ್ ಬಾಯ್ಸಿ ಎನ್ನುತ್ತಾರೆ. ಅದಕ್ಕೂ ಮುಂಚೆ, 1948ರಲ್ಲಿ, ವಿಕ್ಟೋರಿಯಾ ಸರೋವರದ ರುಸಿಂಗಾ ದ್ವೀಪದಲ್ಲಿ ಸುಮಾರು 180 ಲಕ್ಷ ವರ್ಷ ಹಳೆಯ ಪ್ರೊಕಾನ್ಸಲ್ ಎಂಬ ವಾನರನ ಬುರುಡೆಯನ್ನು ಕಂಡು, ಚೂರುಚೂರಾಗಿದ್ದ ಅದನ್ನು ಜೋಡಿಸಿದವರೂ ಮೇರಿಯೇ.

1913ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮೇರಿ ನಿಕೋಲ್ ಯಾವ ವಿಶ್ವವಿದ್ಯಾಲಯದ ಪದವಿಯನ್ನೂ ಓದಿ ಪಡೆದವರಲ್ಲ. ತಂದೆ ಚಿತ್ರಕಾರರು. ಬಾಲ್ಯದ ಒಂದಷ್ಟು ಕಾಲ ಫ್ರಾನ್ಸಿನ ದೋರ್ದೋನ್ ಸೀಮೆಯಲ್ಲಿ, ಹಿಮಯುಗದ ಗುಹಾಚಿತ್ರಗಳ ನಡುವೆ ಕಳೆಯಿತು. ಇಂಗ್ಲೆಂಡಿಗೆ ಮರಳಿದ ಮೇಲೆ ಡೊರೊಥಿ ಲಿಡೆಲ್ ಅವರ ಉತ್ಖನನದಲ್ಲಿ ಕೆಲಸ ಕಲಿತರು. ಗರ್ಟ್ರೂಡ್ ಕೇಟನ್-ಥಾಂಪ್ಸನ್ ಅವರ ಈಜಿಪ್ಟಿನ ಶಿಲಾಯುಧಗಳಿಗೆ ಚಿತ್ರ ಬರೆದರು. ಲೂಯಿಸ್ ಪರಿಚಯವಾದದ್ದೂ ಹೀಗೆ ಚಿತ್ರ ಬರೆಯುವ ಕೆಲಸದಿಂದಲೇ. ಮೇರಿಗೆ ಕೆಲಸ ಕಲಿಸಿದ ಈ ಇಬ್ಬರು ಹೆಂಗಸರ ಹೆಸರು ಇಂದು ಬಹಳ ಜನಕ್ಕೆ ಗೊತ್ತಿಲ್ಲದಿರುವುದು ಬೇಸರದ ಸಂಗತಿ.

ಕಲ್ಲಿನ ಆಯುಧದ ಚಿತ್ರ ಬರೆಯುವುದು ಅಲಂಕಾರದ ಕೆಲಸ ಎಂದು ಯಾರೂ ತಿಳಿಯಬಾರದು. ಕಲ್ಲಿನಿಂದ ಚಕ್ಕೆ ಎದ್ದ ಜಾಗದಲ್ಲಿ ಒಂದು ತಗ್ಗು ಉಳಿಯುತ್ತದೆ. ಅದರಲ್ಲಿ ಪೆಟ್ಟು ಬಿದ್ದ ಬಿಂದುವಿನಿಂದ ಹೊರಟ ಅಲೆಯಂಥ ಗೆರೆಗಳಿರುತ್ತವೆ. ಒಂದು ತಗ್ಗು ಇನ್ನೊಂದರ ಅಂಚನ್ನು ಕತ್ತರಿಸಿದ್ದರೆ, ಕತ್ತರಿಸಿದ್ದು ನಂತರದ್ದು. ಬೆಳಕು ಎಡ ಮೇಲ್ಮೂಲೆಯಿಂದ ಬೀಳುತ್ತಿದೆ ಎಂದಿಟ್ಟುಕೊಂಡು, ಆ ಗೆರೆಗಳ ಬಾಗನ್ನು ಸರಿಯಾಗಿ ಹಾಕಿದರೆ ಪೆಟ್ಟುಗಳು ಯಾವ ದಿಕ್ಕಿನಿಂದ, ಯಾವ ಅನುಕ್ರಮದಲ್ಲಿ ಬಿದ್ದವು ಎಂಬುದು ಚಿತ್ರದಲ್ಲೇ ಕಾಣುತ್ತದೆ. ಬಾಗು ತಪ್ಪಿದರೆ ಮನುಷ್ಯ ಒಡೆದ ಕಲ್ಲಿಗೂ ಹೊಳೆಯಲ್ಲಿ ಉರುಳಿ ಒಡೆದ ಕಲ್ಲಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಫೋಟೋದಲ್ಲಿ ಇದು ಅರ್ಧದಷ್ಟೂ ಕಾಣದು. ಮೇರಿಯ ಮುಂದಿನ ಕೆಲಸಕ್ಕೆಲ್ಲ ಈ ಕಣ್ಣೇ ಬಂಡವಾಳ.

ಬುರುಡೆ ಸಿಕ್ಕ ನಂತರ ಅಮೆರಿಕದ ನ್ಯಾಷನಲ್ ಜಿಯೋಗ್ರಾಫಿಕ್ ಸೊಸೈಟಿಯ ಹಣ ಬಂತು. 1960ರಿಂದ ಓಲ್ಡುವಾಯ್ ಅಗೆತದ ಹೊಣೆ ಹೊತ್ತವರು ಮೇರಿ. ಅದುವರೆಗೆ ಕಮರಿಯಲ್ಲಿ ಹೆಚ್ಚಾಗಿ ಮೇಲ್ಮೈಯಲ್ಲಿ ಕಂಡದ್ದನ್ನು ಆರಿಸುವುದು, ಅಲ್ಲಲ್ಲಿ ಗುಂಡಿ ತೆಗೆಯುವುದು ನಡೆದಿತ್ತು. ಮೇರಿ ಮೊದಲು ಇಳಿಜಾರಿನಲ್ಲಿ ಮೆಟ್ಟಿಲಿನಂತೆ ಕಂದಕ ತೆಗೆಸಿ ಯಾವ ಪದರದ ಮೇಲೆ ಯಾವುದು ಕೂತಿದೆ ಎಂದು ಖಚಿತ ಮಾಡಿಕೊಂಡರು. ಆಮೇಲೆ, ಬುರುಡೆ ಸಿಕ್ಕ ಪದರದ ಮೇಲಿದ್ದ ಬೂದಿಗಲ್ಲನ್ನು ದೊಡ್ಡ ಹತಾರಗಳಿಂದ ತೆಗೆಸಿ, ಪದರ ಹತ್ತಿರವಾದಂತೆ ಸಣ್ಣ ಹತಾರ ಮತ್ತು ಬ್ರಷ್‌ಗೆ ಇಳಿದರು. ಆಳಕ್ಕೆ ಹೋಗದೆ ಅಗಲಕ್ಕೆ ಹೋದರು. ಒಂದೇ ತೆಳುವಾದ ಪದರವನ್ನು ಸುಮಾರು 300 ಚದರ ಮೀಟರಿನಷ್ಟು ತೆರೆದರು. ಸಿಕ್ಕ ವಸ್ತುವನ್ನು ಎತ್ತುವ ಮುನ್ನ ಅದರ ಜಾಗವನ್ನು ನಕ್ಷೆಯಲ್ಲಿ ಗುರುತಿಸಿದರು. ಮಣ್ಣನ್ನೆಲ್ಲ ಜರಡಿ ಹಿಡಿಸಿದರು.

ಹೀಗೆ ತೆರೆದ ಆ ನೆಲದಲ್ಲಿ ಸುಮಾರು 2,500 ಕಲ್ಲಿನ ವಸ್ತುಗಳೂ ಸುಮಾರು 3,500 ಮೂಳೆ ಪಳೆಯುಳಿಕೆಗಳೂ ದೊರೆತವು. ಕಲ್ಲುಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚಿನದು ಆಯುಧವಲ್ಲ, ಆಯುಧ ಮಾಡುವಾಗ ಸಿಡಿದ ಚಕ್ಕೆ ಮತ್ತು ಚೂರು. ಹಳೆಯ ಪದ್ಧತಿಯ ಅಗೆತಗಾರ ಇದನ್ನು ಮಣ್ಣಿನ ಜೊತೆ ಎಸೆಯುತ್ತಿದ್ದ. ಚೆಂದದ ಆಯುಧವನ್ನು ಮಾತ್ರ ಎತ್ತಿಕೊಂಡರೆ ಏನು ಕೆಡುತ್ತದೆ ಎಂಬುದು ಇಲ್ಲಿ ಸ್ಪಷ್ಟ. ಕಲ್ಲನ್ನು ಅಲ್ಲೇ ಒಡೆದರೋ, ಬೇರೆಡೆ ಒಡೆದು ತಂದರೋ ಎಂದು ಹೇಳುವುದು ಚೂರುಗಳೇ. ನೀರಿನ ಹರಿವು ವಸ್ತುಗಳನ್ನು ತಂದು ಗುಡ್ಡೆ ಹಾಕಿದೆಯೇ ಎಂದು ಹೇಳುವುದೂ ಅವೇ: ಹರಿವು ಬಲವಾಗಿದ್ದರೆ ಹಗುರ ಚೂರುಗಳು ಕೊಚ್ಚಿಹೋಗಿ ಭಾರದವು ಮಾತ್ರ ಉಳಿಯುತ್ತವೆ. ಮೇರಿ ಮೂಳೆಯ ಸಣ್ಣ ತುಂಡುಗಳನ್ನೂ ಬಿಡದೆ ಇಟ್ಟರು. ಅದರ ಫಲ ಕಂಡದ್ದು ಇಪ್ಪತ್ತು ವರ್ಷಗಳ ನಂತರ. 1980ರ ದಶಕದ ಆರಂಭದಲ್ಲಿ ಸಂಶೋಧಕರು ಅದೇ ಮೂಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಲ್ಲಿನ ಅಂಚಿನಿಂದ ಮಾಂಸ ಕೊಯ್ದ ಗೆರೆಗಳನ್ನು ಗುರುತಿಸಿದರು. ಆ ಮೂಳೆಗಳು ಉಳಿಯದೇ ಇದ್ದಿದ್ದರೆ ಆದಿಮಾನವರು ಮಾಂಸವನ್ನು ಹೇಗೆ ಪಡೆದರು ಎಂಬ ಚರ್ಚೆಗೆ ಆಧಾರವೇ ಇರುತ್ತಿರಲಿಲ್ಲ.

ಅಲ್ಲಿನ ಕಾಲಮಾನದ ಬಗ್ಗೆ ಒಂದು ಮಾತು. ಜ್ವಾಲಾಮುಖಿಯ ಬೂದಿಯಲ್ಲಿರುವ ವಿಕಿರಣಶೀಲ ಪೊಟ್ಯಾಸಿಯಂ-40ರ ಒಂದು ಪಾಲು ನಿಧಾನವಾಗಿ ಆರ್ಗಾನ್ ಅನಿಲವಾಗುತ್ತದೆ. ಅದರ ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷ. ಕಲ್ಲು ಕರಗಿದ್ದಾಗ ಹಳೆಯ ಆರ್ಗಾನ್ ಹೊರಬಿದ್ದಿರುತ್ತದೆ, ತಣಿದ ಮೇಲೆ ಸೇರಿದ್ದನ್ನಷ್ಟೇ ಅಳೆಯಬೇಕು. ಹಳೆಯ ಕಲ್ಲಿನ ಹರಳುಗಳು ಬೂದಿಗೆ ಬೆರೆತಿದ್ದರೆ ವಯಸ್ಸು ಇರುವುದಕ್ಕಿಂತ ಹೆಚ್ಚಾಗಿ ಬರುತ್ತದೆ. 1961ರಲ್ಲಿ ಈ ವಿಧಾನ ಬುರುಡೆಯ ಪದರಕ್ಕೆ 17.5 ಲಕ್ಷ ವರ್ಷ ಎಂದು ಹೇಳಿದಾಗ ಜಗತ್ತು ಬೆಚ್ಚಿತು, ಏಕೆಂದರೆ ಅದುವರೆಗಿನ ಊಹೆ ಅದರ ಸುಮಾರು ಮೂರನೇ ಒಂದು ಪಾಲಿನಷ್ಟೇ ಇತ್ತು. ಸುಧಾರಿತ ಅಳತೆಯಲ್ಲಿ ಈಗ ಅದು ಸುಮಾರು 18.4 ಲಕ್ಷ. ಆದರೆ ವಯಸ್ಸು ತಿಳಿಯುವುದು ಬೂದಿಯದ್ದು. ವಸ್ತು ಆ ಬೂದಿಯ ಕೆಳಗಿತ್ತೋ, ಮೇಲಿತ್ತೋ, ಇಳಿಜಾರಿನಿಂದ ಜಾರಿ ಬಂದಿತ್ತೋ ಎಂದು ಹೇಳಬೇಕಾದವರು ಅಗೆದವರು. ಅಗೆದವರ ದಾಖಲೆ ಸರಿಯಿಲ್ಲದಿದ್ದರೆ ಪ್ರಯೋಗಾಲಯದ ಅಂಕಿಗೆ ಬೆಲೆಯಿಲ್ಲ.

1971ರಲ್ಲಿ ಪ್ರಕಟವಾದ ಓಲ್ಡುವಾಯ್ ಸಂಪುಟ ಮಾಲೆಯ ಮೂರನೆಯದು ಮೇರಿ ಒಬ್ಬರೇ ಬರೆದದ್ದು. ಕೆಳಗಿನ ಎರಡು ದೊಡ್ಡ ಸ್ತರಗಳಲ್ಲಿ 1960ರಿಂದ 1963ರವರೆಗೆ ನಡೆದ ಅಗೆತದ ಸಂಪೂರ್ಣ ವರದಿ ಅದು. ನಮ್ಮ ಅಭಿಪ್ರಾಯದಲ್ಲಿ ಮಾನವ ಮೂಲದ ಅಧ್ಯಯನಕ್ಕೆ ಆ ಬುರುಡೆಗಿಂತ ಈ ಪುಸ್ತಕ ಹೆಚ್ಚಿನದನ್ನು ಮಾಡಿದೆ. ಲೂಯಿಸ್ 1951ರಲ್ಲಿ ಕೈಕೊಡಲಿಗಳನ್ನು ಹನ್ನೊಂದು ಹಂತಗಳ ಏಣಿಯಾಗಿ ಜೋಡಿಸಿದ್ದರು: ಒರಟಾದ್ದು ಹಳೆಯದು, ನಯವಾದ್ದು ಹೊಸದು ಎಂಬ ಕ್ರಮ. ಮೇರಿ ಪ್ರತಿ ನೆಲದ ಕಲ್ಲುಗಳನ್ನೂ ಬೇರೆಬೇರೆಯಾಗಿ ಎಣಿಸಿ, ಅಳೆದು, ಯಾವ ಜಾತಿಯ ಕಲ್ಲು ಎಂದು ನೋಡಿ ವಿಂಗಡಿಸಿದರು. ಒಂದೋ ಎರಡೋ ಮಗ್ಗುಲಿಂದ ಚಕ್ಕೆ ತೆಗೆದು ಅಂಚು ಮಾಡಿದ ಕಡಿಗಲ್ಲು, ಸುತ್ತಲೂ ಅಂಚಿರುವ ಬಿಲ್ಲೆ, ಹಲವು ಮುಖದ ಕಲ್ಲು, ಗುಂಡಾದ ಕಲ್ಲು, ಹೆರೆಗಲ್ಲು, ಚಕ್ಕೆ ತೆಗೆಯದೆ ಹಾಗೇ ಬಳಸಿ ಸವೆದದ್ದು, ಉಳಿಕೆ ಚೂರು. ಇದರ ಜೊತೆಗೆ, ಒಡೆದೂ ಇಲ್ಲದ, ಸವೆದೂ ಇಲ್ಲದ, ಆದರೆ ಆ ಜಾಗದಲ್ಲಿ ಸಹಜವಾಗಿ ಇರಲು ಸಾಧ್ಯವೇ ಇಲ್ಲದ ಕಲ್ಲುಗಳಿಗೆ ಒಂದು ಪ್ರತ್ಯೇಕ ವರ್ಗ ಕೊಟ್ಟರು. ಯಾರೋ ಹೊತ್ತು ತಂದ ಕಲ್ಲುಗಳು ಅವು. ಎಫ್‌ಎಲ್‌ಕೆಯ ಬೆಣಚುಕಲ್ಲಿನ ಚಕ್ಕೆಗಳು ಎರಡು–ಮೂರು ಕಿಲೋಮೀಟರ್ ದೂರದ ನೈಬೋರ್ ಸೊಯಿಟ್ ಗುಡ್ಡದ ಕಲ್ಲಿನವು. ಕಲ್ಲನ್ನು ಅಷ್ಟು ದೂರ ಹೊರುವ ಜೀವಿಗೆ ಮುಂದಾಲೋಚನೆ ಇತ್ತು ಎಂಬ ವಾದ ನಿಂತಿರುವುದು ಇಂಥ ವಿವರಗಳ ಮೇಲೆ.

ಈ ಎಣಿಕೆಯಿಂದ ಹನ್ನೊಂದು ಮೆಟ್ಟಿಲ ಏಣಿ ಉರುಳಿತು. ಎರಡನೆಯ ಸ್ತರದಲ್ಲಿ ಕೈಕೊಡಲಿ ಮಾಡುವ ಅಶೂಲಿಯನ್ ಪದ್ಧತಿಯೂ ಕಡಿಗಲ್ಲು, ಚಕ್ಕೆಗಳ ಹಳೆಯ ಓಲ್ಡೊವಾನ್ ಪದ್ಧತಿಯ ಮುಂದುವರಿಕೆಯೂ ಒಂದೇ ಕಾಲದಲ್ಲಿ ಇದ್ದವೆಂದು ಅವರು ತೋರಿಸಿದರು. ಒರಟಾಗಿದೆ ಎಂದ ಮಾತ್ರಕ್ಕೆ ಹಳೆಯದಲ್ಲ. ಕನ್ನಡದ ಪಠ್ಯಗಳಲ್ಲಿ ಇಂದಿಗೂ ಆಯುಧಗಳನ್ನು ಏಣಿಯಂತೆ ಚಿತ್ರಿಸುವವರು ಇದನ್ನು ಗಮನಿಸಬೇಕು.

ಮೇರಿಯ ಎಲ್ಲ ತೀರ್ಮಾನಗಳೂ ಉಳಿದಿಲ್ಲ ಎಂಬುದನ್ನೂ ಹೇಳಲೇಬೇಕು. ಡಿಕೆ ಎಂಬ ನೆಲೆಯಲ್ಲಿ ಸುಮಾರು ನಾಲ್ಕು ಮೀಟರ್ ಅಡ್ಡಗಲದ ಕಲ್ಲಿನ ವೃತ್ತವೊಂದು ಕಂಡಾಗ, ಅದು ಗಾಳಿಮರೆಯ ಬುಡವಿರಬಹುದು ಎಂದರು. ಕೆಳಗಿನ ಬಸಾಲ್ಟ್ ಬಂಡೆಯನ್ನು ಮರದ ಬೇರು ಸೀಳಿ ಎಬ್ಬಿಸಿದರೂ ಹಾಗೇ ಕಾಣಬಹುದು ಎಂದು ಆಮೇಲಿನವರು ವಾದಿಸಿದರು. ಮೇರಿ ‘ಆಯುಧ’ ಎಂದು ಕರೆದ ಎಷ್ಟೋ ಕಡಿಗಲ್ಲುಗಳು ಬರೀ ಚಕ್ಕೆ ತೆಗೆದು ಉಳಿದ ತಿರುಳು, ನಿಜವಾಗಿ ಬೇಕಾಗಿದ್ದದ್ದು ಹರಿತವಾದ ಚಕ್ಕೆ ಎಂದು ಪುರಾತತ್ವಜ್ಞ ನಿಕೊಲಸ್ ಟಾತ್ 1980ರ ದಶಕದಲ್ಲಿ ತಾವೇ ಕಲ್ಲು ಒಡೆದು ಪರೀಕ್ಷಿಸಿ ತೋರಿಸಿದರು. ಇಂಥ ತಿದ್ದುಪಡಿ ಸಾಧ್ಯವಾದದ್ದು ಮೇರಿಯ ನಕ್ಷೆ, ಎಣಿಕೆಗಳೆಲ್ಲ ಅಚ್ಚಾಗಿ ಎಲ್ಲರ ಮುಂದಿದ್ದುದರಿಂದ. ಸಾಕ್ಷ್ಯವನ್ನು ಒಂದು ಕಡೆ, ಅದರ ಅರ್ಥವನ್ನು ಇನ್ನೊಂದು ಕಡೆ ಇಡುವುದು ಅವರ ಶಿಸ್ತು. ಲೂಯಿಸ್ ದೊಡ್ಡ ಘೋಷಣೆಗಳ ಮನುಷ್ಯ. ಆ ಬುರುಡೆಯವನೇ ಆಯುಧ ಮಾಡಿದವನು ಎಂದು ಮೊದಲು ಸಾರಿದ್ದವರು, ಹತ್ತಿರದಲ್ಲೇ ಸಿಕ್ಕ ಇನ್ನೊಂದು ಜೀವಿಗೆ 1964ರಲ್ಲಿ ಹೋಮೋ ಹ್ಯಾಬಿಲಿಸ್ ಎಂದು ಹೆಸರಿಟ್ಟು ಕೀರ್ತಿಯನ್ನು ಅದಕ್ಕೆ ವರ್ಗಾಯಿಸಿದರು. ಮೇರಿಯ ನಕ್ಷೆ ಎರಡು ಸಲವೂ ಅದೇ ಇತ್ತು.

ಲೂಯಿಸ್ 1972ರಲ್ಲಿ ತೀರಿಕೊಂಡರು. ಮೇರಿಯ ಅತಿ ದೊಡ್ಡ ಕೆಲಸ ಅದರ ನಂತರದ್ದು. ಓಲ್ಡುವಾಯ್‌ನಿಂದ ದಕ್ಷಿಣಕ್ಕೆ ಸುಮಾರು 45 ಕಿಲೋಮೀಟರ್ ದೂರದ ಲೇಟೋಲಿಯಲ್ಲಿ 1974ರಿಂದ ಅವರು ಕೆಲಸ ಶುರು ಮಾಡಿದರು. 1976ರಲ್ಲಿ ಬಿಡುವಿನ ವೇಳೆಯಲ್ಲಿ ಕೆಲವು ವಿಜ್ಞಾನಿಗಳು ಆನೆಯ ಒಣ ಲದ್ದಿ ಎಸೆದಾಡುತ್ತಿದ್ದರಂತೆ. ತಪ್ಪಿಸಿಕೊಳ್ಳಲು ಬಾಗಿದ ಆಂಡ್ರೂ ಹಿಲ್ ಅವರಿಗೆ ಗಟ್ಟಿ ಬೂದಿಯ ಮೇಲೆ ಪ್ರಾಣಿಗಳ ಹೆಜ್ಜೆ ಕಂಡವು. 1978ರಲ್ಲಿ ಪಾಲ್ ಏಬೆಲ್ ಮನುಷ್ಯನದ್ದೆಂದು ತೋರುವ ಹಿಮ್ಮಡಿಯ ಗುರುತೊಂದನ್ನು ಕಂಡರು. ಅದನ್ನು ಹಿಂಬಾಲಿಸಿ ಅಗೆದಾಗ ಸುಮಾರು 27 ಮೀಟರ್ ಉದ್ದದ ಹೆಜ್ಜೆಸಾಲು ಹೊರಬಂತು.

ಹೆಜ್ಜೆ 36 ಲಕ್ಷ ವರ್ಷ ಉಳಿದದ್ದು ಹೇಗೆ? ಹಲವು ಸಂಗತಿಗಳು ಒಂದರ ಹಿಂದೊಂದು ಸರಿಯಾದ ಹೊತ್ತಿಗೆ ಕೂಡಿಬರಬೇಕಿತ್ತು. ಜ್ವಾಲಾಮುಖಿಯ ನುಣ್ಣನೆ ಬೂದಿ ತೆಳುವಾಗಿ ಬಿತ್ತು. ಸಣ್ಣ ಮಳೆ ಬಂದು ಅದು ನೆನೆಯಿತು. ಮಳೆಹನಿಯ ಗುಳಿಗಳೂ ಅಲ್ಲಿ ಉಳಿದಿವೆ. ಜೋರು ಮಳೆಯಾಗಿದ್ದರೆ ಎಲ್ಲ ತೊಳೆದು ಹೋಗುತ್ತಿತ್ತು. ಹಸಿಯಿರುವಾಗಲೇ ಪ್ರಾಣಿಗಳು ನಡೆದವು. ಆ ಬೂದಿಯಲ್ಲಿ ಕಾರ್ಬೊನೇಟ್ ಲವಣಗಳು ಹೆಚ್ಚಿದ್ದುದರಿಂದ ಒಣಗುತ್ತಿದ್ದಂತೆ ಸಿಮೆಂಟಿನಂತೆ ಗಟ್ಟಿಯಾಯಿತು. ಆಮೇಲೆ ಮತ್ತೆ ಬೂದಿ ಬಿದ್ದು ಮುಚ್ಚಿತು. ಇದು ಪದೇ ಪದೇ ನಡೆದು ಸುಮಾರು 15 ಸೆಂಟಿಮೀಟರ್ ದಪ್ಪದ ಪದರವಾಯಿತು. ಆನೆ, ಜಿರಾಫೆ, ಮೂರು ಬೆರಳಿನ ಕುದುರೆ, ಮೊಲ, ಗಿನಿಕೋಳಿ ಎಲ್ಲವೂ ಅದರಲ್ಲಿ ಹೆಜ್ಜೆ ಬಿಟ್ಟಿವೆ.

ಅಗೆಯುವುದು ತೀರ ಕಷ್ಟದ ಕೆಲಸವಾಗಿತ್ತು. ಹೆಜ್ಜೆಯ ಒಳಗೆ ತುಂಬಿದ್ದೂ ಬೂದಿಯೇ, ಸುತ್ತಲಿದ್ದದ್ದೂ ಬೂದಿಯೇ. ಬಣ್ಣದ ವ್ಯತ್ಯಾಸ ಕಡಿಮೆ. ಒಂದು ಕೂದಲೆಳೆ ಹೆಚ್ಚು ಕೆರೆದರೆ ಅಗೆದವನ ಕೈಯೇ ಹೊಸ ಹೆಜ್ಜೆಯನ್ನು ಮಾಡಿಬಿಡುತ್ತದೆ. ಒಂದು ತುದಿಯಲ್ಲಿ ಬೂದಿ ಗಟ್ಟಿಯಾಗಿತ್ತು, ಇನ್ನೊಂದು ತುದಿಯಲ್ಲಿ ಶಿಥಿಲವಾಗಿ ಮಣ್ಣಿನಂತಾಗಿತ್ತು. ತೆರೆದ ಹೆಜ್ಜೆಗಳಿಗೆ ರಬ್ಬರ್ ಅಚ್ಚು ತೆಗೆದು ಪಡಿಯಚ್ಚು ಮಾಡಿಟ್ಟರು.

ಹೆಜ್ಜೆಗಳು ಹೇಳಿದ್ದು ಇಷ್ಟು: ಹಿಮ್ಮಡಿ ಮೊದಲು ಊರುತ್ತದೆ. ಹೆಬ್ಬೆರಳು ಉಳಿದ ಬೆರಳುಗಳ ಸಾಲಿನಲ್ಲೇ ಇದೆ, ಚಿಂಪಾಂಜಿಯಂತೆ ಪಕ್ಕಕ್ಕೆ ಚಾಚಿಲ್ಲ. ಕೈ ಊರಿದ ಗುರುತು ಎಲ್ಲೂ ಇಲ್ಲ. ಸಣ್ಣ ಹೆಜ್ಜೆಗಳು ಸುಮಾರು 18 ಸೆಂಟಿಮೀಟರ್ ಉದ್ದ. ಪಕ್ಕದ ದೊಡ್ಡ ಹೆಜ್ಜೆಗಳ ಒಳಗೆ ಇನ್ನೊಬ್ಬರ ಹೆಜ್ಜೆ ಬಿದ್ದಿದೆ. ಅಂದರೆ ನಡೆದವರು ಮೂವರು. ಇದುವರೆಗೆ ಸಿಕ್ಕಿರುವ ಅತ್ಯಂತ ಹಳೆಯ ಶಿಲಾಯುಧಗಳು ಕೆನ್ಯಾದ ಲೊಮೆಕ್ವಿಯಲ್ಲಿ ದೊರೆತ 33 ಲಕ್ಷ ವರ್ಷದವು. ಈ ಹೆಜ್ಜೆಗಳು ಅದಕ್ಕೂ ಹಳೆಯವು. ದೊಡ್ಡ ಮೆದುಳು ಬೆಳೆದು, ಆಯುಧ ಹಿಡಿಯಲು ಎದ್ದು ನಿಂತೆವು ಎಂಬ ಹಳೆಯ ಕಲ್ಪನೆಗೆ ಇಲ್ಲಿ ಜಾಗವಿಲ್ಲ. ನಡಿಗೆ ಮೊದಲು, ಉಳಿದದ್ದು ಆಮೇಲೆ.

ಈ ಕಥೆಯ ಮುಂದಿನ ಭಾಗ ನಮ್ಮ ದೇಶದ ಸಂರಕ್ಷಣಾ ಇಲಾಖೆಗಳಿಗೂ ಪಾಠವಾಗುವಂಥದ್ದು. 1979ರಲ್ಲಿ ಹೆಜ್ಜೆಸಾಲನ್ನು ಹೊಳೆಮರಳಿನಿಂದ ಮುಚ್ಚಿ ಮೇಲೆ ಲಾವಾ ಬಂಡೆಗಳನ್ನು ಹೇರಿದರು. ಮರಳನ್ನು ಜರಡಿ ಹಿಡಿದಿರಲಿಲ್ಲ. ಅದರಲ್ಲಿದ್ದ ಜಾಲಿಯ ಜಾತಿಯ ಬೀಜಗಳು ಮೊಳೆತವು. ಬಂಡೆಗಳ ಸಂದಿನಲ್ಲಿ ತೇವ ಉಳಿಯಿತು, ಸಸಿಗಳನ್ನು ಪ್ರಾಣಿಗಳು ಮೇಯಲಾಗಲಿಲ್ಲ. ಮರಗಳು ಎದ್ದವು, ಬೇರುಗಳು ಹೆಜ್ಜೆಗಳತ್ತ ಇಳಿದವು. ಟಾಂಜಾನಿಯಾದ ಪುರಾತತ್ವ ಇಲಾಖೆ ಮತ್ತು ಗೆಟ್ಟಿ ಸಂರಕ್ಷಣಾ ಸಂಸ್ಥೆ ಸೇರಿ ಮರಗಳನ್ನು ಕಡಿದು, ಬುಡಕ್ಕೆ ಕಳೆನಾಶಕ ಹಾಕಿ ಕೊಂದು, 1995 ಮತ್ತು 1996ರಲ್ಲಿ ಸಾಲನ್ನು ಮತ್ತೆ ತೆರೆದು ಬೇರುಗಳನ್ನು ಕತ್ತರಿಸಿ ತೆಗೆದರು. ಬೂದಿ ಗಟ್ಟಿಯಿದ್ದ ಕಡೆ ಬೇರು ಮೇಲೇ ಅಡ್ಡ ಹರಿದಿತ್ತು, ಶಿಥಿಲವಿದ್ದ ಕಡೆ ಒಳಹೊಕ್ಕಿತ್ತು. ಏನು ಹಾಳಾಗಿದೆ ಎಂದು ತಿಳಿಯಲು ನೆರವಾದದ್ದು ಮೇರಿಯ ತಂಡ ಮಾಡಿಟ್ಟ ಪಡಿಯಚ್ಚುಗಳು. ಮರುಮುಚ್ಚುವಾಗ ಜರಡಿ ಹಿಡಿದ ಮರಳು, ನೀರು ಬಿಡುವ ಬಟ್ಟೆಯಂಥ ಹಾಸು, ಬೇರು ಇಳಿಯದಂತೆ ಔಷಧಿಯ ಗುಂಡಿಗಳಿರುವ ಹಾಸು, ಮೇಲೆ ಮಣ್ಣು, ಕೊನೆಗೆ ಬಂಡೆ. ಅಷ್ಟರಿಂದಲೂ ಸಾಲದು, ಸಸಿಗಳನ್ನು ಆಗಾಗ ಕಿತ್ತುಹಾಕುತ್ತಲೇ ಇರಬೇಕು. ಮೇರಿ 1996ರಲ್ಲಿ ಆ ಕೆಲಸವನ್ನು ನೋಡಲು ಬಂದಿದ್ದರು. ಅದೇ ವರ್ಷ ಡಿಸೆಂಬರ್ 9ರಂದು ನೈರೋಬಿಯಲ್ಲಿ ತೀರಿಕೊಂಡರು.

ಲೇಟೋಲಿಯ ಕೆಳದವಡೆಯೊಂದನ್ನು 1978ರಲ್ಲಿ ಡೊನಾಲ್ಡ್ ಜೊಹಾನ್ಸನ್ ಮತ್ತು ಸಂಗಡಿಗರು ಆಸ್ಟ್ರಲೋಪಿತೆಕಸ್ ಅಫರೆನ್ಸಿಸ್ ಎಂಬ ಹೊಸ ಆದಿಮಾನವ ಪ್ರಭೇದದ ಮಾದರಿಯಾಗಿ ಬಳಸಿದಾಗ ಮೇರಿ ಒಪ್ಪದೆ ಆ ಪ್ರಬಂಧದಿಂದ ತಮ್ಮ ಹೆಸರು ತೆಗೆಸಿದರು. ಪ್ರಭೇದದ ಹೆಸರು ಈಗ ಸರ್ವಮಾನ್ಯ, ಆ ವಾದದಲ್ಲಿ ಮೇರಿಯ ಕಡೆ ನಿಂತವರು ಕಡಿಮೆ. ಇನ್ನೊಂದು ಮಾತು: ಲೀಕಿ ಕುಟುಂಬದ ಹೆಸರಿನ ಹಿಂದೆ ಹೆಸ್ಲೋನ್ ಮುಕಿರಿ, ಕಮೋಯಾ ಕಿಮೆಯು ಅವರಂಥ ಕೆನ್ಯಾದ ನುರಿತ ಕೆಲಸಗಾರರಿದ್ದರು. ಲೇಖನ ಬರೆಯುವವರು ಅವರನ್ನೂ ಬಿಡಬಾರದು.

ನಮ್ಮಲ್ಲಿ ಇದನ್ನು ಏಕೆ ಓದಬೇಕು? ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಅಶೂಲಿಯನ್ ನೆಲೆಗಳು ಬಹಳ ಇವೆ. ಪುರಾತತ್ವಜ್ಞ ಕೆ. ಪದ್ದಯ್ಯ ಅವರ ತಂಡ ಅಗೆದ ಇಸಾಂಪುರದಲ್ಲಿ ಸುಣ್ಣಕಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ, ಗಟ್ಟಿ ಉಂಡೆಗಲ್ಲುಗಳಿಂದ ಒಡೆದು ಕೈಕೊಡಲಿ ಮಾಡಿದ ಜಾಗವೇ ಚಕ್ಕೆಗಳ ಸಮೇತ ಉಳಿದಿತ್ತು. ಅಲ್ಲಿನ ಪ್ರಾಣಿಯ ಹಲ್ಲಿನಿಂದ ಬಂದ ಕಾಲಮಾನ ಸುಮಾರು 12 ಲಕ್ಷ ವರ್ಷ. ಚೆಂದದ ಕೈಕೊಡಲಿಯನ್ನು ಮಾತ್ರ ಎತ್ತಿ ಕಪಾಟಿನಲ್ಲಿ ಇಟ್ಟಿದ್ದರೆ ಅದು ಕಾರ್ಯಾಗಾರ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಆದ್ದರಿಂದ ನಿಮ್ಮ ಓದುಗರಲ್ಲಿ, ಮುಖ್ಯವಾಗಿ ಆ ಭಾಗದ ರೈತರು, ಶಿಕ್ಷಕರಲ್ಲಿ ಒಂದು ಕೋರಿಕೆ. ಹೊಲದಲ್ಲಿ, ಕಾಲುವೆಯ ಅಂಚಿನಲ್ಲಿ, ಕಲ್ಲು ಕ್ವಾರಿಯಲ್ಲಿ ಒಡೆದ ಅಂಚಿನ ಕಲ್ಲು ಕಂಡರೆ ಎತ್ತಬೇಡಿ, ತೊಳೆಯಬೇಡಿ. ಪಕ್ಕದಲ್ಲಿ ಅಳತೆಪಟ್ಟಿಯನ್ನೋ ನಾಣ್ಯವನ್ನೋ ಇಟ್ಟು ಹತ್ತಿರದಿಂದ ಒಂದು, ಸುತ್ತಲಿನ ನೆಲ ಕಾಣುವಂತೆ ಒಂದು ಫೋಟೋ ತೆಗೆಯಿರಿ. ಮಣ್ಣು ಕುಸಿದು ಪದರ ಕಾಣುತ್ತಿದ್ದರೆ, ಕಲ್ಲು ಯಾವ ಪದರದಲ್ಲಿದೆ, ನೆಲದಿಂದ ಎಷ್ಟು ಆಳದಲ್ಲಿದೆ ಎಂದು ಬರೆದುಕೊಳ್ಳಿ. ಮೊಬೈಲಿನ ನಕ್ಷೆಯಲ್ಲಿ ಜಾಗ ಗುರುತಿಸಿ, ಸರ್ವೆ ನಂಬರ್ ಸಮೇತ ರಾಜ್ಯ ಪುರಾತತ್ವ ಇಲಾಖೆಗೋ ಹತ್ತಿರದ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗಕ್ಕೋ ತಿಳಿಸಿ. ಜೆಸಿಬಿ ಬರುವುದು ನಾಳೆಯೇ ಎಂದಿದ್ದರೆ ಮಾತ್ರ, ಇಷ್ಟೆಲ್ಲ ದಾಖಲಿಸಿದ ಮೇಲೆ, ಕಲ್ಲನ್ನೂ ಅದರ ಸುತ್ತಲಿನ ಚಕ್ಕೆಗಳನ್ನೂ ಒಟ್ಟಿಗೆ ಒಂದೇ ಚೀಲಕ್ಕೆ ಹಾಕಿ ಚೀಟಿ ಕಟ್ಟಿಡಿ.

ಇತಿ,
ಪ್ರಾಗಿತಿಹಾಸ ವಿಷಯದ ಕೆಲವು ಅಧ್ಯಾಪಕರು, ಕಲಬುರಗಿ